ಹಗ್ಗದ ಕೆಳತುದಿ

"ನನ್ನ ಮಗೂನ ಕೊಂದಿದ್ದು ನೀವೇನಾ?"

ಕಂಪ್ಯೂಟರಿನ ಪರದೆಯಿಂದ ತಲೆಯೆತ್ತಿದೆ. ಮೇಜಿನ ಆಚೆ ಎತ್ತರದ ಗಂಡಸೊಬ್ಬ ನಿಂತಿದ್ದ. ಬೆರಳುಗಳ ತುಂಬ ಸುಣ್ಣದಂಥ ಬಿಳಿ ಪುಡಿ, ಮೊಣಕೈ ಮೇಲೆ ಒಣಗಿದ ತರಚುಗಾಯ, ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

ನಮ್ಮ ಕಾರ್ಖಾನೆಯಲ್ಲಿ ಬಂಡೆ ಹತ್ತುವವರಿಗೆ ಬೇಕಾದ ಸಾಮಾನು ತಯಾರಾಗುತ್ತದೆ. ಕೊಂಡಿ, ಪಟ್ಟಿ, ಬಂಡೆಯ ಬಿರುಕಿಗೆ ಸಿಕ್ಕಿಸುವ ಸಲಕರಣೆ. ಬೀಳುವವರನ್ನು ನಡುದಾರಿಯಲ್ಲಿ ಹಿಡಿದು ನಿಲ್ಲಿಸುವುದು ಅವುಗಳ ಕೆಲಸ. ಅವು ಎಷ್ಟು ಎಳೆತ ತಡೆಯುತ್ತವೆ ಎಂದು ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿ ಮುಂಚಿತವಾಗಿ ಹೇಳುವುದು ನನ್ನ ಕೆಲಸ. ಒಂದಲ್ಲ ಒಂದು ದಿನ ಯಾರಾದರೂ ಬಂದು ನನ್ನನ್ನು ಹೀಗೆ ಕೇಳುತ್ತಾರೆ ಎಂದು ಆ ಕುರ್ಚಿಯಲ್ಲಿ ಕುಳಿತ ದಿನದಿಂದಲೂ ಹೆದರಿಕೊಂಡೇ ಇದ್ದೆ.

"ಯಾವ... ಯಾವ ಮಗು?"

ಅವನು ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಬಂಡೆಯ ಬಿರುಕಿಗೆ ಸಿಕ್ಕಿಸುವ ಒಂದು ಪುಟ್ಟ ಕ್ಯಾಮ್ ಇತ್ತು. ಉಗುರಿನಷ್ಟೇ ದೊಡ್ಡ ನಾಲ್ಕು ಲೋಹದ ಎಲೆಗಳು, ನಡುವೆ ಒಂದು ಅಚ್ಚು, ಕೆಳಗೆ ತಂತಿಯ ಬಾಲ.

"ಇದೇ. ನಿಮ್ಮ ರಿಪೋರ್ಟಲ್ಲಿ ಕೆಂಪು ಕೆಂಪಾಗಿ ಸತ್ತು ಬಿದ್ದಿದೆ."

ನಾನು ಎದೆ ಹಿಡಿದುಕೊಂಡು ಕುರ್ಚಿಗೆ ಒರಗಿದೆ. ನನ್ನ ಮುಖ ನೋಡಿ ಅವನ ಮುಖ ಬಿಳಿಚಿತು.

"ಅಯ್ಯೋ, ಏನಾಯ್ತು? ತಮಾಷೆಗೆ ಅಂದೆ ಕಣ್ರೀ! ನೀರು... ನೀರೆಲ್ಲಿದೆ ಇಲ್ಲಿ?"

ಓಡಿಹೋಗಿ ಯಾರದೋ ಟೀ ಕಪ್ಪಿನಲ್ಲಿ ನೀರು ತಂದ. ಕುಡಿದೆ. ನೀರಿಗೆ ಟೀ ರುಚಿಯಿತ್ತು.

"ನಿಜವಾಗ್ಲೂ ಯಾರೋ ಬಿದ್ದೋದ್ರು ಅಂದ್ಕೊಂಡೆ," ಎಂದೆ.

"ತಪ್ಪಾಯ್ತು. ನನಗೆ ಗೋಡೆ ಹತ್ತೋಕೆ ಬರುತ್ತೆ, ಮಾತಾಡೋಕೆ ಬರಲ್ಲ."

ಆಗ ತಿಳಿಯಿತು ಇವನು ಯಾರೆಂದು. ಟೆಸ್ಟ್ ಶೆಡ್ಡಿನವರು ಹಲ್ಲಿ ಎಂದು ಕರೆಯುತ್ತಿದ್ದದ್ದು ಇವನನ್ನೇ. ಈ ಪುಟ್ಟ ಕ್ಯಾಮನ್ನು ರೂಪಿಸಲೆಂದೇ ಕಂಪನಿ ಅವನನ್ನು ಕರೆಸಿಕೊಂಡಿತ್ತು. ಇಷ್ಟು ದಿನ ಅವನ ಡ್ರಾಯಿಂಗುಗಳು ನನ್ನ ಬಳಿ ಬರುತ್ತಿದ್ದವು, ಅವನು ಬಂದಿರಲಿಲ್ಲ.

"ನೀವೇ ತಾನೆ ಒಂದ್ವೇಳೆ ಮೇಡಂ?" ಎಂದ.

ಕಿವಿ ಬಿಸಿಯಾಯಿತು. ಯಾವ ಮಾತನ್ನಾದರೂ 'ಒಂದ್ವೇಳೆ' ಎಂದೇ ಶುರುಮಾಡುತ್ತೇನೆಂದು ಆಫೀಸಿನವರು ನನಗಿಟ್ಟ ಹೆಸರು ಅದು. ಶೆಡ್ಡಿನವರೆಗೂ ಹೋಗಿದೆಯೆಂದು ಗೊತ್ತಿರಲಿಲ್ಲ.

"ತೋರಿಸಿ," ಎಂದು ಪಕ್ಕದ ಸ್ಟೂಲ್ ಎಳೆದುಕೊಂಡ. "ಹೇಗೆ ಸತ್ತಿತು ಅಂತ ನೋಡೇಬಿಡೋಣ."

ಮಾಡೆಲ್ ಓಡಿಸಿದೆ. ಕ್ಯಾಮನ್ನು ಬಿರುಕಿಗೆ ಸಿಕ್ಕಿಸಿ, ಹತ್ತುವವರ ಹಗ್ಗವನ್ನು ಅದರ ಕೊಂಡಿಯ ಮೂಲಕ ಹಾಯಿಸಿ ಇನ್ನೊಂದು ತುದಿಯನ್ನು ನೆಲದವರೆಗೆ ಬಿಡುತ್ತಾರೆ. ಹತ್ತುವವನು ಬಿದ್ದರೆ ನಾಲ್ಕು ಎಲೆಗಳೂ ಅಗಲಕ್ಕೆ ಅರಳಿ ಬಿರುಕಿನ ಎರಡೂ ಬದಿಯನ್ನು ಒತ್ತಿ ಹಿಡಿಯುತ್ತವೆ. ಎಳೆದಷ್ಟೂ ಬಿಗಿ. ಪರದೆಯ ಮೇಲೆ ಒಂದು ಬೂದುಬಣ್ಣದ ಗುಂಡು ಕೆಳಗೆ ಬಿತ್ತು. ಹಗ್ಗ ಹಿಗ್ಗಿತು. ಎಲೆಗಳು ಹಸಿರಾಗಿದ್ದದ್ದು ಹಳದಿಯಾದವು. ಅಚ್ಚಿನ ರಂಧ್ರದ ಪಕ್ಕದ ಮೂಲೆ ಮಾತ್ರ ಕೆಂಪಗೆ ಉರಿಯಿತು. ಕೆಂಪೆಂದರೆ ಅಲ್ಲಿ ಮುರಿಯುತ್ತದೆ.

"ಬಿದ್ದಿದ್ದು ಯಾರು?"

"ಹತ್ತೋರು."

"ಕಬ್ಬಿಣದ ಗುಂಡಿನ ಥರ ಇದಾರೆ."

"ಲೆಕ್ಕಕ್ಕೆ ಅಷ್ಟು ಸಾಕು."

"ಸರಿ. ಕೆಳಗೆ ನಿಂತು ಹಗ್ಗ ಹಿಡ್ಕೊಂಡಿರೋರು?"

ಪರದೆಯ ಕೆಳಮೂಲೆ ತೋರಿಸಿದೆ. ಹಗ್ಗದ ತುದಿಯಲ್ಲಿ ಒಂದು ಪುಟ್ಟ ತ್ರಿಕೋನದ ಗುರುತಿತ್ತು. "ಯಾರೂ ಇಲ್ಲ. ಕೆಳತುದೀನ ನೆಲಕ್ಕೆ ಕಟ್ಟಿದೀನಿ."

"ಪಾಪ, ಒಬ್ಬನೇ ಬಂದಿದಾನಾ ಬಂಡೆ ಹತ್ತೋಕೆ?"

ನಗು ಬಂತು, ತಡೆದುಕೊಂಡೆ. "ಮಾಡೆಲಲ್ಲಿ ಯಾವುದೋ ಒಂದು ಅಲ್ಲಾಡಬಾರದು ಅಂತ ಮೊದಲೇ ಹೇಳ್ಬೇಕು. ಇಲ್ದಿದ್ರೆ ಎಲ್ಲಾ ತೇಲಿ ಹೋಗುತ್ತೆ, ಉತ್ತರವೇ ಬರಲ್ಲ. ನಿಮ್ಮ ಶೆಡ್ಡಿನ ಟವರಲ್ಲೂ ತುದೀನ ಹೀಗೇ ಕಟ್ಟಿರ್ತಾರೆ."

"ಟವರಲ್ಲಿ ಬೀಳೋದು ಕಬ್ಬಿಣ. ಬಂಡೇಲಿ ಬೀಳೋದು ನಾನು. ನಾನು ಬಿದ್ದಾಗ ಕೆಳಗಿರೋರು ಗೂಟದ ಹಾಗೆ ನಿಂತಿರಲ್ಲ. ಹಗ್ಗ ಎಳೆದ ಕಡೆ ಒಂದು ಹೆಜ್ಜೆ ಬರ್ತಾರೆ, ಸ್ವಲ್ಪ ಮೇಲಕ್ಕೂ ಎದ್ದುಬಿಡ್ತಾರೆ. ಅಷ್ಟಕ್ಕೇ ಎಳೆತ ಎಷ್ಟೋ ಕಮ್ಮಿ ಆಗುತ್ತೆ." ಅವನು ಎದ್ದು ನಿಂತ. "ನಿಮ್ಮ ಲೆಕ್ಕದಲ್ಲಿ ಎಲ್ಲಾ ಇದೆ ಕಣ್ರೀ. ಮನುಷ್ಯರೇ ಇಲ್ಲ."

ಅವನು ಹೋದ ಮೇಲೂ ಆ ಮಾತು ಮೇಜಿನ ಮೇಲೇ ಕುಳಿತಿತ್ತು. ಹಗಲು ಉಗ್ರಾಣದಲ್ಲಿ ನಟ್ಟು ಬೋಲ್ಟು ಅಳೆದುಕೊಟ್ಟು, ಸಂಜೆ ತರಗತಿಯಲ್ಲಿ ಆಕಳಿಕೆ ತಡೆಯುತ್ತ ಕಲಿತ ವಿದ್ಯೆ ನನ್ನದು. ಯಾರಾದರೂ ನನ್ನ ಲೆಕ್ಕ ತಪ್ಪು ಎಂದರೆ ಮೊದಲು ನಂಬುವವಳು ನಾನೇ. ಇದು ಹಗಲು ಕಾಲೇಜಿನಲ್ಲಿ ಕಲಿತವರಿಗೆಲ್ಲ ಗೊತ್ತಿರುವ ಸಂಗತಿಯೇನೋ, ನನ್ನ ತರಗತಿಯಲ್ಲಿ ಕರೆಂಟು ಹೋದ ದಿನ ಹೇಳಿದ್ದರೇನೋ ಎಂದೆಲ್ಲ ಅನ್ನಿಸಿತು.

ಮುಂದಿನ ತಿಂಗಳು ಮೀಟಿಂಗ್ ಇತ್ತು. ಪುಟ್ಟ ಕ್ಯಾಮ್ ತಯಾರಿಗೆ ಹೋಗಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನ. ನನ್ನ ಮಾಡೆಲ್ ಬೇಡ ಎಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದಕ್ಕಾಗಿಯೇ ಬಂದವನು ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾನೆ.

ಆ ದಿನ ಅದು ಬರಿಯ ಒಂದು ಸಂಗತಿಯಾಗಿತ್ತು. ನನ್ನ ಎದೆಯ ಮೇಲೆ ಇನ್ನೂ ಕುಳಿತಿರಲಿಲ್ಲ.

*

ಮರುದಿನ ಊಟದ ಬಿಡುವಿನಲ್ಲಿ ಅವನು ಸೊಂಟಕ್ಕೆ ಕಟ್ಟುವ ಹಾರ್ನೆಸ್ ಹಿಡಿದು ಬಂದು ನಿಂತ.

"ಏಳಿ. ಕೆಳತುದಿ ಹೇಗಿರುತ್ತೆ ಅಂತ ನೋಡೋಣ."

"ನಾನು ಹತ್ತಲ್ಲ."

"ಹತ್ತೋದು ನಾನು. ನೀವು ನೆಲದ ಮೇಲೇ ಇರ್ತೀರಿ. ನೆಲಕ್ಕಾದ್ರೂ ಹೆದರಲ್ಲ ತಾನೆ?"

"ಒಂದ್ವೇಳೆ..."

"ಬಂತು ನೋಡಿ!"

ಶೆಡ್ಡು ಮೂರು ಮಹಡಿಯಷ್ಟು ಎತ್ತರ. ಒಂದು ಬದಿಯಲ್ಲಿ ಕಬ್ಬಿಣದ ಗುಂಡು ಬೀಳಿಸುವ ಟವರು, ಇನ್ನೊಂದು ಬದಿಯಲ್ಲಿ ಬಣ್ಣಬಣ್ಣದ ಹಿಡಿಗಳಿರುವ ಅಭ್ಯಾಸದ ಗೋಡೆ. ರಬ್ಬರಿನ, ಬೆವರಿನ, ಕೈ ಜಾರದಿರಲು ಹಚ್ಚುವ ಬಿಳಿ ಪುಡಿಯ ವಾಸನೆ. ಅವನು ಹಾರ್ನೆಸ್ಸಿನ ಬಕಲ್ ಬಿಗಿಯುವಾಗ ಅವನ ಬೆರಳು ಮುಟ್ಟಿದ್ದು ಪಟ್ಟಿಯನ್ನು ಮಾತ್ರ. ಆದರೂ ನನ್ನ ಉಸಿರು ನಿಂತಿತು.

"ಉಸಿರಾಡಿ. ಇಲ್ದಿದ್ರೆ ಪಟ್ಟಿ ಅಳತೆ ತಪ್ಪುತ್ತೆ."

ಅವನ ಧ್ವನಿ ತೀರ ಗಂಭೀರವಾಗಿತ್ತು. ಕಣ್ಣು ಮಾತ್ರ ನಗುತ್ತಿತ್ತು.

ಹಗ್ಗ ಹೇಗೆ ಹಾರ್ನೆಸ್ಸಿಗೆ ಸಿಕ್ಕಿಸಿದ ಬ್ರೇಕಿನೊಳಗೆ ಹೋಗುತ್ತದೆ, ಯಾವ ಕೈಯನ್ನು ಎಂದೂ ಬಿಡಬಾರದು, ಯಾವಾಗ ಸಡಿಲ ಕೊಡಬೇಕು ಎಲ್ಲವನ್ನೂ ಹೇಳಿಕೊಟ್ಟ. ಹತ್ತುವ ಮೊದಲು ಗೋಡೆಗೆ ಒಂದು ಕೈ ಇಟ್ಟು, ಭುಜದ ಮೇಲಿಂದ ತಿರುಗಿ ನನ್ನನ್ನು ನೋಡುತ್ತಿದ್ದ. ಹುಬ್ಬು ಸ್ವಲ್ಪವೇ ಮೇಲೇರುತ್ತಿತ್ತು. ಹಿಡಿದಿದ್ದೀರಾ, ಎಂದು. ನಾನು ತಲೆಯಾಡಿಸುತ್ತಿದ್ದೆ. ಅಷ್ಟಾದ ಮೇಲೆ ಅವನು ನನ್ನತ್ತ ನೋಡುತ್ತಲೇ ಇರಲಿಲ್ಲ. ತನ್ನನ್ನು ಪೂರ್ತಿ ನನ್ನ ಕೈಗೆ ಕೊಟ್ಟು ಮರೆತವನಂತೆ ಮೇಲೇರುತ್ತಿದ್ದ.

ಇಷ್ಟವಾದವರ ಮುಖ ಕಣ್ಣಲ್ಲಿ ನಿಲ್ಲುತ್ತದೆ ಎನ್ನುತ್ತಾರೆ. ನನಗೆ ಮೊದಲು ಬಾಯಿಪಾಠವಾದದ್ದು ಅವನ ಹಿಮ್ಮಡಿಗಳು.

ಹೀಗೆ ಊಟದ ಬಿಡುವೆಲ್ಲ ಶೆಡ್ಡಿನಲ್ಲೇ ಕಳೆಯಿತು. ಬ್ರೆಡ್ಡಿನ ತುಂಡು ಹಂಚಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದೆವು.

"ಇಷ್ಟು ಚಿಕ್ಕದು ಯಾಕೆ ಬೇಕು ನಿಮಗೆ? ದೊಡ್ಡ ಕ್ಯಾಮುಗಳು ಇವೆಯಲ್ಲ," ಎಂದು ಒಂದು ದಿನ ಕೇಳಿದೆ.

"ಒಂದು ಬಂಡೆ ಇದೆ. ಅರ್ಧ ಹತ್ತಿದ ಮೇಲೆ ಬಿರುಕು ಸಣ್ಣಗಾಗುತ್ತೆ, ಬೆರಳೂ ಹೋಗಲ್ಲ. ಅಲ್ಲಿಂದ ವಾಪಸ್ ಬಂದೆ. ಹಾಕೋಕೆ ಏನೂ ಇರಲಿಲ್ಲ." ಕ್ಯಾಮಿನ ಎಲೆಗಳನ್ನು ಬೆರಳಲ್ಲಿ ಮಡಚಿ ಬಿಡುತ್ತ ಹೇಳಿದ. "ಬಂದ ಮೇಲೆ ನಿದ್ದೇನೇ ಬರಲಿಲ್ಲ. ಅದಕ್ಕೆ ಇದನ್ನ ಮಾಡೋಕೆ ಹೊರಟೆ."

"ನಿದ್ದೆ ಬರದಿದ್ರೆ ಜನ ಬಿಸಿ ಹಾಲು ಕುಡೀತಾರೆ."

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಅವನನ್ನು ನಗಿಸಿದ್ದು ನಾನು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಮಾಡೆಲಿನಲ್ಲಿ ತ್ರಿಕೋನವನ್ನು ತೆಗೆದೆ. ಅಲ್ಲಿ ಒಬ್ಬಳನ್ನು ನಿಲ್ಲಿಸಿದೆ, ನನ್ನಷ್ಟೇ ತೂಕ, ಎಳೆದರೆ ಮೇಲೇಳುವಂಥವಳು. ಓಡಿಸಿದೆ. ಎಲೆಯ ಮೂಲೆ ಕೆಂಪಾಗಲಿಲ್ಲ. ಹಳದಿಯಲ್ಲೇ ನಿಂತಿತು.

ಕುರ್ಚಿಯಿಂದ ಎದ್ದುಬಿಟ್ಟೆ. ಮರುಗಳಿಗೆ ಕುಳಿತೆ. ನನಗೆ ಬೇಕಾಗಿದ್ದ ಉತ್ತರವೇ ಬಂದಿತ್ತು. ಅದೇ ನನ್ನ ಭಯ. ಉತ್ತರ ಸರಿಯಿದೆ ಎಂದು ಖುಷಿಯಾಯಿತೋ, ಅವನು ಹೋಗಬೇಕಾಗಿಲ್ಲ ಎಂದು ಖುಷಿಯಾಯಿತೋ?

"ಎರಡೂ ಇರಬಹುದಲ್ಲೇ," ಎಂದಳು ಅಕ್ಕ, ರಾತ್ರಿ ಊಟಕ್ಕೆ ಕೂತು ಎಲ್ಲ ಹೇಳಿದಾಗ. ಅವಳು ನಮ್ಮ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಪಟ್ಟಿ ಹೊಲಿಯುತ್ತಾಳೆ. ನಾನಿರುವುದು ಅಕ್ಕ ಭಾವನ ಮನೆಯಲ್ಲಿ. "ನಿನ್ನ ಭಾವ ಮೆಷಿನ್ ರಿಪೇರಿಗೆ ಅಂತ ಬರ್ತಿದ್ರಲ್ಲ, ಸರಿಯಾಗಿರೋ ಮೆಷಿನ್ನನ್ನೇ ಬಿಚ್ಚಿಡ್ತಿದ್ರು. ಗೊತ್ತಿದ್ದೂ ಸುಮ್ನಿದ್ದೆ. ಮೆಷಿನ್ನೂ ಕೆಡಲಿಲ್ಲ, ನಾನೂ ಕೆಡಲಿಲ್ಲ."

"ಇದು ಮೆಷಿನ್ ಅಲ್ಲಕ್ಕ. ಇದರ ಮೇಲೆ ಜನ ನೇತಾಡ್ತಾರೆ."

ಅಕ್ಕ ನನ್ನ ಮುಖ ನೋಡಿದಳು. "ಹೆಸರಿಟ್ಟೋರು ಸರಿಯಾಗೇ ಇಟ್ಟಿದಾರೆ ನಿನಗೆ," ಎಂದು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು.

*

"ಇವತ್ತು ಬೀಳ್ತೀನಿ," ಎಂದ ಅವನು, ಅಂಗಡಿಗೆ ಹೋಗಿಬರುತ್ತೇನೆ ಎನ್ನುವ ಹಾಗೆ.

ಕಂಪ್ಯೂಟರು ಹೇಳಿದ್ದು ನಿಜವೇ ಎಂದು ನೋಡಲು ಒಂದೇ ದಾರಿ. ಗೋಡೆಯ ಮೇಲ್ಭಾಗದ ಗಟ್ಟಿ ಕೊಂಡಿಗೆ ಎಳೆತ ಅಳೆಯುವ ಮೀಟರ್ ಹಾಕಿದ್ದ. ಅದೇ ಗೋಡೆ, ಅದೇ ಹಗ್ಗ, ಅದೇ ಎತ್ತರ ಇಟ್ಟು ನಾನು ಎರಡು ಉತ್ತರ ತೆಗೆದಿಟ್ಟಿದ್ದೆ. ತುದಿಯನ್ನು ನೆಲಕ್ಕೆ ಕಟ್ಟಿದರೆ ಎಷ್ಟು, ಮನುಷ್ಯರು ಹಿಡಿದರೆ ಎಷ್ಟು ಎಂದು.

"ನಾನು ಬಿದ್ದಾಗ ಹಿಂದೆ ಹೋಗ್ಬೇಡಿ. ಹಗ್ಗ ಎಳೆದ ಕಡೆ ಒಂದು ಹೆಜ್ಜೆ. ಅಷ್ಟೇ." ನನ್ನ ಹಾರ್ನೆಸ್ಸಿನಿಂದ ನೆಲಕ್ಕೆ ಹೂತ ಕಬ್ಬಿಣದ ಬಳೆಗೆ ಒಂದು ಪಟ್ಟಿ ಹಾಕಿದ. "ನೀವು ಹಗುರ, ತೀರಾ ಮೇಲಕ್ಕೆ ಹೋಗದೇ ಇರಲಿ ಅಂತ ಇದು. ಸಡಿಲವಾಗಿರಲಿ."

"ಒಂದ್ವೇಳೆ ನನ್ನ ಕೈ ಜಾರಿದ್ರೆ?"

"ಜಾರಲ್ಲ."

"ಹೇಗೆ ಹೇಳ್ತೀರಿ?"

"ನಿಮ್ಮಷ್ಟು ಗಟ್ಟಿಯಾಗಿ ಹಗ್ಗ ಹಿಡಿಯೋರನ್ನ ನಾನು ನೋಡಿಲ್ಲ. ಬೆರಳು ಬೆಳ್ಳಗಾಗಿರುತ್ತೆ ಯಾವಾಗ್ಲೂ." ಹಾಗೆಂದು ನನ್ನ ಬೆರಳುಗಳನ್ನು ನೋಡಿದ. ನೋಟ ಬೇಗ ಹಿಂದಕ್ಕೆ ಹೋಗಲಿಲ್ಲ. ನಾನು ಹಗ್ಗ ನೋಡಿದೆ.

ಅವನು ಏರಿದ. ಕೊನೆಯ ಕೊಂಡಿಯನ್ನು ದಾಟಿ ಇನ್ನೂ ಮೇಲಕ್ಕೆ ಹೋದ. ಶೆಡ್ಡಿನ ಚಾವಣಿಯ ಬೆಳಕಿಗೆ ಅವನೊಂದು ಕಪ್ಪು ನೆರಳಾದ. ನನ್ನ ಕಾಲು ನನಗೆ ಗೊತ್ತಿಲ್ಲದೆ ಹಿಂದೆ ಸರಿಯತೊಡಗಿತು. ನೆಲದ ಪಟ್ಟಿ ಬಿಗಿದು ನಿಂತಿತು. ಇದ್ದಬದ್ದ ಸಡಿಲವನ್ನೆಲ್ಲ ಎಳೆದುಕೊಂಡೆ. ಅವನು ಭುಜದ ಮೇಲಿಂದ ನೋಡಿದ. ಹುಬ್ಬೇರಿಸಿದ್ದು ಅಷ್ಟು ದೂರಕ್ಕೂ ಕಂಡಿತು. ತಲೆಯಾಡಿಸಿದೆ.

ಕೈ ಬಿಟ್ಟ.

ನಾನು ನನ್ನ ಮೈಯ ಭಾರವನ್ನೆಲ್ಲ ಹಾಕಿ ಕುಕ್ಕರಿಸಿ ಹಿಂದಕ್ಕೆ ಜಗ್ಗಿದೆ.

ಹಗ್ಗ ಒಮ್ಮೆಲೇ ನಿಂತಿತು. ಅವನು ತೂಗಲಿಲ್ಲ. ಗೋಡೆಗೆ ಹೋಗಿ ಅಪ್ಪಳಿಸಿದ. ಆ ಸದ್ದಿಗೆ ಟವರಿನ ಬಳಿ ಇದ್ದವರೆಲ್ಲ ತಿರುಗಿ ನೋಡಿದರು.

ಹೇಗೆ ಕೆಳಗಿಳಿಸಿದೆನೋ ಗೊತ್ತಿಲ್ಲ. ಅವನು ಚಾಪೆಯ ಮೇಲೆ ಕುಳಿತು ಶೂ ಬಿಚ್ಚುವಷ್ಟರಲ್ಲಿ ಕಾಲಿನ ಗಂಟು ಊದಿತ್ತು. ಹಣೆಯಲ್ಲಿ ಬೆವರು, ತುಟಿಯಲ್ಲಿ ಒತ್ತಾಯದ ನಗು.

"ಅಳಬೇಡಿ. ಮುರಿದಿಲ್ಲ, ಉಳುಕಿದೆ ಅಷ್ಟೇ. ಮೊದಲ ಸಲ ಎಲ್ಲರೂ ಹೀಗೇ ಹಿಡಿಯೋದು."

ಕಣ್ಣೊರೆಸಿಕೊಂಡು ಮೀಟರ್ ನೋಡಿದೆ. ಅಲ್ಲಿದ್ದ ಅಂಕಿ ತ್ರಿಕೋನದ ಲೆಕ್ಕಕ್ಕೆ ಕೂದಲೆಳೆಯಷ್ಟು ಹತ್ತಿರವಿತ್ತು. ನೆಲಕ್ಕೆ ಕಟ್ಟಿದ ತುದಿ ನಾನೇ ಆಗಿದ್ದೆ.

"ಎಲ್ಲರೂನಾ?" ಎಂದು ಕೇಳಿದೆ.

"ಏನು?"

"ಎಲ್ಲರೂ ಹೀಗೇ ಹಿಡೀತಾರಾ, ಮೊದಲ ಸಲ?"

"ಹೌದು. ಹೆದರಿದೋರು ಹಿಂದಕ್ಕೇ ಹೋಗೋದು. ನಾನೂ ಹಾಗೇ ಮಾಡ್ತಿದ್ದೆ." ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ಮಾಸಿತು. ನಾನು ಎತ್ತ ಹೊರಟಿದ್ದೇನೆಂದು ಅವನಿಗೂ ಕಂಡಿತ್ತೇನೋ. ಅಷ್ಟರಲ್ಲಿ ಯಾರೋ ಐಸ್ ತಂದರು, ನಾನು ಎದ್ದು ದೂರ ನಿಂತೆ.

*

"ಹೇಳಲೇಬೇಕಾ ಮೀಟಿಂಗಲ್ಲಿ?" ಎಂದಳು ಅಕ್ಕ.

"ನುರಿತೋರು ಹಿಡಿದ್ರೆ ಕ್ಯಾಮ್ ಉಳಿಯುತ್ತೆ. ನನ್ನಂಥೋರು ಹಿಡಿದ್ರೆ ಎಲೆ ಕಿತ್ತು ಬರುತ್ತೆ. ಅವರ ಲೆಕ್ಕವೂ ಸರಿ, ನನ್ನದೂ ಸರಿ."

"ಹೇಳಿದ್ರೆ ಅವರು ಹೋಗ್ತಾರೆ."

"ಹ್ಞೂಂ."

ಅಕ್ಕ ತಟ್ಟೆಗಳನ್ನು ಎತ್ತಿಟ್ಟಳು. ಆಮೇಲೆ, "ನಾನು ಪಟ್ಟಿ ಹೊಲಿಯೋವಾಗ ಇದನ್ನ ಜಾಣರು ಹಾಕ್ಕೋತಾರೋ ದಡ್ಡರು ಹಾಕ್ಕೋತಾರೋ ಅಂತ ಕೇಳ್ಕೊಂಡು ಹೊಲಿಯಲ್ಲ ಕಣೇ. ಯಾರು ಹಾಕ್ಕೊಂಡ್ರೂ ನಿಲ್ಬೇಕು. ಆದ್ರೆ ಒಂದು ಮಾಡು. ಎಲ್ಲರೆದುರು ಹೇಳೋಕೆ ಮುಂಚೆ ಅವರಿಗೆ ಹೇಳು," ಎಂದಳು.

ಅವನು ವರ್ಕ್‌ಶಾಪಿನಲ್ಲಿ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಒಂದು ಎಲೆಯ ಅಂಚನ್ನು ಉಜ್ಜುತ್ತಿದ್ದ. ನನ್ನನ್ನು ಕಂಡು ಮುಖ ಅರಳಿತು. ಅದನ್ನು ನೋಡಿದ ಮೇಲೂ ಮಾತಾಡಬೇಕಾಗಿದ್ದದ್ದು ಕಷ್ಟ. ನಿಂತುಕೊಂಡೇ ಎಲ್ಲ ಹೇಳಿದೆ. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಅಂದ್ರೆ ನಿಮ್ಮ ಹೆದರಿಕೆಗೆ ಇದು ಬಲಿ," ಎಂದ.

"ನನ್ನದೊಂದೇ ಅಲ್ಲ."

"ಒಬ್ಬರಿಗೆ ಹಿಡಿಯೋಕೆ ಕಲಿಸಬಹುದು. ನಿಮಗೂ ಕಲಿಸ್ತಿದ್ದೆನಲ್ಲ."

"ಕಲಿಯೋವರೆಗೂ ಮೇಲಿರೋರು ಯಾವುದರ ಮೇಲೆ ಬೀಳ್ಬೇಕು?"

"ಸರಿ. ನಿಮ್ಮ ಕೆಲಸ ನೀವು ಮಾಡಿ," ಎಂದು ಬೆನ್ನು ತಿರುಗಿಸಿ ದೀಪವನ್ನು ತನ್ನ ಕಡೆಗೆ ಎಳೆದುಕೊಂಡ. ನಾನು ನಿಂತಿದ್ದ ಜಾಗಕ್ಕೆ ನೆರಳು ಬಂತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಕೂಗಿ ಜಗಳವಾಡಿದ್ದರೆ ವಾಸಿಯಿತ್ತು. ಇಷ್ಟು ದಿನ ನನ್ನನ್ನು ಪೂರ್ತಿ ನಂಬಿ ಗೋಡೆಯ ಕಡೆ ತಿರುಗುತ್ತಿದ್ದ ಬೆನ್ನೇ ಇದು. ಇವತ್ತು ತಿರುಗಿದ್ದು ಬೇರೆ ಥರ.

*

ಮೀಟಿಂಗಿಗೆ ಅವನು ಕುಂಟುತ್ತ ಬಂದು ಕೊನೆಯ ಕುರ್ಚಿಯಲ್ಲಿ ಕುಳಿತ. ಭುಜದ ಮೇಲಿಂದಲೂ ನೋಡಲಿಲ್ಲ.

ನಮ್ಮ ವಿಭಾಗದ ಮೇಡಂ ಮಾತು ಬೆಳೆಸುವವರಲ್ಲ. "ಹೂಂ ಅಥವಾ ಉಹೂಂ. ಒಂದೇ ಮಾತಲ್ಲಿ ಹೇಳಿ," ಎಂದರು.

ಎದ್ದು ನಿಂತೆ. ಹಗಲು ಕಲಿತವರು ಸುತ್ತ ಕುಳಿತಿದ್ದರು.

"ನುರಿತ ಕೈ ಇದ್ರೆ ಹೂಂ. ಹೆದರಿದ ಕೈ ಇದ್ರೆ ಉಹೂಂ. ಕೊಳ್ಳೋರು ಯಾರು ಅಂತ ನಮಗೆ ಗೊತ್ತಾಗಲ್ಲ ಮೇಡಂ. ಅದಕ್ಕೆ, ಉಹೂಂ."

ಮಾರಾಟ ವಿಭಾಗದವರೊಬ್ಬರು ನಕ್ಕರು. "ಹೆದರೋರು ಹಗ್ಗ ಹಿಡೀಬಾರದು ಅಷ್ಟೇ. ಅದಕ್ಕೆ ನಾವೇನು ಮಾಡೋಕಾಗುತ್ತೆ?"

"ಹಾಗಾದ್ರೆ ಯಾರು ಹಿಡೀತಾರೆ?"

ಕೇಳಿದ್ದು ನಾನಲ್ಲ. ಕೊನೆಯ ಕುರ್ಚಿಯಿಂದ ಅವನು ಎದ್ದು ನಿಂತಿದ್ದ. ಒಂದು ಕಾಲಿನ ಮೇಲೆ ಭಾರ ಹಾಕಿ, ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ನಾನು ಮೊದಲು ಹತ್ತಿದಾಗ ಹಗ್ಗ ಹಿಡಿದಿದ್ದು ನನ್ನ ತಂಗಿ. ಕಣ್ಣು ಮುಚ್ಕೊಂಡು ಹಿಡೀತಿದ್ದಳು, ಅಷ್ಟು ಹೆದರಿಕೆ. ಆವತ್ತು ಈ ಕ್ಯಾಮ್ ಹಾಕಿದ್ದಿದ್ರೆ ಇವತ್ತು ನಾನು ಇಲ್ಲಿ ನಿಂತಿರ್ತಿರಲಿಲ್ಲ. ಎರಡು ದಿನದಿಂದ ಅದನ್ನೇ ಯೋಚನೆ ಮಾಡ್ತಿದೀನಿ." ಅವನು ಮೇಡಂ ಕಡೆ ತಿರುಗಿದ. "ಅವರು ಹೇಳಿದ್ದು ಸರಿ. ಎಲೆ ಮೂಲೆಗೆ ಇನ್ನೂ ಲೋಹ ಬೇಕು."

"ಹಾಕಿದ್ರೆ ನೀವು ಹೇಳ್ತಿದ್ದ ಆ ಸಣ್ಣ ಬಿರುಕಿಗೆ ಹೋಗುತ್ತಾ?" ಎಂದರು ಮೇಡಂ.

"ಹೋಗಲ್ಲ."

"ಪರವಾಗಿಲ್ವಾ?"

ಆ ಬಂಡೆಯನ್ನು ಅವನು ಆಗ ಕಣ್ಣಮುಂದೆ ತಂದುಕೊಂಡನೆಂದು ನನಗೆ ಗೊತ್ತಿತ್ತು. "ಬೇಜಾರಿದೆ," ಎಂದ. "ಆದ್ರೂ ಹಾಕೋಣ."

ಮೇಡಂ ಪೆನ್ನಿನಿಂದ ಮೇಜು ತಟ್ಟಿದರು. "ಹೊಸ ಆಕಾರಕ್ಕೆ ಲೆಕ್ಕ ಆಗಬೇಕಲ್ಲ. ಮಾಡ್ತೀರಾ?"

"ಮಾಡ್ತೀವಿ," ಎಂದೆ. ಯಾರನ್ನು ಸೇರಿಸಿಕೊಂಡು ಹೇಳಿದೆನೆಂದು ಹೇಳಿದ ಮೇಲೆ ಹೊಳೆಯಿತು. ಅಕ್ಕಪಕ್ಕದವರು ನಮ್ಮಿಬ್ಬರನ್ನೂ ನೋಡಿದರು. ಅವನು ಮಾತ್ರ ಕಿಟಕಿಯ ಕಡೆ ಮುಖ ಮಾಡಿ ತುಟಿ ಕಚ್ಚಿಕೊಂಡು ನಗುತ್ತಿದ್ದ.

*

ಆಮೇಲಿನ ದಿನಗಳು ನನ್ನ ಮೇಜಿನ ಬಳಿಯೇ ಕಳೆದವು. ಅವನು ಮೂಲೆಯನ್ನು ಕಾಳಿನಷ್ಟು ಉಬ್ಬಿಸಿ ಚಿತ್ರ ಬರೆಯುವನು. ನಾನು ಓಡಿಸುವೆ. ಕೆಂಪು ಬೇರೆ ಕಡೆ ಹೋಗಿ ಕೂರುವುದು.

"ಬೆಕ್ಕಿನ ಥರ ಇದೆ ಇದು. ಒಂದು ಕಡೆಯಿಂದ ಓಡಿಸಿದ್ರೆ ಇನ್ನೊಂದು ಕಡೆ ಬಂದು ಕೂರುತ್ತೆ," ಎನ್ನುವನು.

"ಹಲ್ಲಿಗೆ ಬೆಕ್ಕು ಕಂಡ್ರೆ ಆಗಲ್ಲ, ಪಾಪ," ಎನ್ನುವೆ.

ಒಂದು ಮಧ್ಯಾಹ್ನ, ತುದಿಯನ್ನು ನೆಲಕ್ಕೆ ಕಟ್ಟಿಯೂ, ಎಲೆ ಅಂಚಿನಿಂದ ಅಂಚಿನವರೆಗೆ ಹಳದಿಯಾಗಿ ನಿಂತಿತು. ಇಬ್ಬರೂ ಪರದೆ ನೋಡುತ್ತ ಕುಳಿತೆವು. ಅವನ ಭುಜ ನನ್ನ ಭುಜಕ್ಕೆ ತಾಗಿತ್ತು. ಯಾರೂ ಸರಿಯಲಿಲ್ಲ.

"ಆ ಬಂಡೆ ಏನು ಮಾಡ್ತೀರಿ?"

"ಅದು ಅಲ್ಲೇ ಇರುತ್ತೆ. ಹತ್ತಲೇಬೇಕು ಅಂತ ಅದೇನು ಹಟ ಹಿಡಿದಿಲ್ಲ." ಪರದೆಯಿಂದ ಕಣ್ಣು ಕೀಳದೆ, "ನಿದ್ದೆ ಈಗ ಬೇರೆ ಕಾರಣಕ್ಕೆ ಬರ್ತಿಲ್ಲ," ಎಂದ.

ಟವರಿನ ಪರೀಕ್ಷೆಯಲ್ಲೂ ಹೊಸ ಕ್ಯಾಮ್ ನಿಂತಿತು. ಶೆಡ್ಡಿನವರು ಶಿಳ್ಳೆ ಹಾಕಿದರು. ನಾನು ಮಾತ್ರ ಮೀಟರಿನ ಅಂಕಿ ಬರೆದುಕೊಂಡು ಮೇಜಿಗೆ ವಾಪಸಾದೆ. ಬಂದ ಕೆಲಸ ಮುಗಿದಿತ್ತು. ಇನ್ನೊಂದು ಕೆಲಸಕ್ಕೆ ಇಲ್ಲೇ ಇರುತ್ತೀರಾ ಎಂದು ಮೇಡಂ ಅವನನ್ನು ಕೇಳಿದ್ದರು. ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಆ ಸಂಜೆ ಎಲ್ಲರೂ ಹೊರಟ ಮೇಲೆ ಹಾರ್ನೆಸ್ ಹಿಡಿದು ಮತ್ತೆ ನನ್ನ ಮೇಜಿನ ಮುಂದೆ ನಿಂತ.

"ಕಾಲು ವಾಸಿಯಾಗಿದೆ. ಬನ್ನಿ."

"ಬೇರೆ ಯಾರನ್ನಾದ್ರೂ ಕರ್ಕೊಳ್ಳಿ."

"ಬೇರೆಯೋರು ಇದ್ರು. ಕರೆದಿಲ್ಲ."

"ಹೋದ ಸಲ ನಾನು ನಿಮಗೆ..."

"ಹೋದ ಸಲ ನೀವು ನನ್ನನ್ನ ಬೀಳೋಕೆ ಬಿಡಲಿಲ್ಲ. ಸ್ವಲ್ಪ ಜೋರಾಗಿ ಬಿಡಲಿಲ್ಲ, ಅಷ್ಟೇ. ಬನ್ನಿ."

ಹೋದೆ. ಅವನು ನೆಲದ ಪಟ್ಟಿ ಹಾಕಲು ಬಗ್ಗಿದ. ನಾನು ಅವನ ಕೈಯಿಂದ ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟೆ. ಅವನು ನನ್ನನ್ನೇ ನೋಡಿದ. ಹುಬ್ಬೇರಿಸಲಿಲ್ಲ, ಕೇಳಲಿಲ್ಲ.

ಗೋಡೆ ಏರಿದ. ಎತ್ತರಕ್ಕೆ ಹೋದ. ಹಿಂದಕ್ಕೆ ಸರಿಯಲು ಕಾಲು ಹಾತೊರೆಯಿತು. ಸರಿಯಲಿಲ್ಲ. ಮೇಲಿಂದ ಅವನ ಮುಖ ತಿರುಗಿತು. ತಲೆಯಾಡಿಸಿದೆ.

ಬಿದ್ದ. ಹಗ್ಗ ನನ್ನನ್ನು ಎಳೆಯಿತು. ನಾನು ಅದು ಕರೆದ ಕಡೆ ಹೋದೆ.

ನೆಲ ಕಾಲ ಕೆಳಗಿಂದ ಇಳಿದುಹೋಯಿತು. ಕೆಂಪು, ನೀಲಿ, ಹಸಿರು ಹಿಡಿಗಳು ಕಣ್ಣ ಮುಂದೆ ಸರಸರ ಜಾರಿದವು. ಎಲ್ಲವೂ ಮೆತ್ತಗೆ ನಿಂತಾಗ ನಾನು ಗೋಡೆಯ ನಡುವೆ ತೂಗುತ್ತಿದ್ದೆ. ಎದುರಿಗೆ, ಒಂದು ಗೇಣು ದೂರದಲ್ಲಿ, ಮೇಲಿಂದ ಬಂದವನ ಮುಖ. ಒಂದೇ ಹಗ್ಗದ ಎರಡು ತುದಿಗಳು ಅಲ್ಲಿ ಅಕ್ಕಪಕ್ಕ ಬಂದು ನಿಂತಿದ್ದವು.

"ನಮಸ್ಕಾರ," ಎಂದ.

ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರೂ ಬಂತು. "ನೋವಾಯ್ತಾ?"

"ಇಲ್ಲ. ಹತ್ತಿ ಮೇಲೆ ಬಿದ್ದ ಹಾಗಾಯ್ತು. ಹೆದರಿದ್ರಾ?"

"ತುಂಬಾ."

"ಗೊತ್ತಾಗ್ತಿದೆ, ಮೂಗು ಬೆವತಿದೆ." ಅವನು ಗೋಡೆಯ ಹಿಡಿಯೊಂದನ್ನು ಹಿಡಿದು ತೂಗಾಟ ನಿಲ್ಲಿಸಿದ. ಇಷ್ಟು ಹತ್ತಿರದಿಂದ ಅವನ ಮುಖವನ್ನು ನಾನು ನೋಡಿರಲೇ ಇಲ್ಲ. ಎಡಗಣ್ಣಿನ ರೆಪ್ಪೆಯ ಮೇಲೂ ಬಿಳಿ ಪುಡಿಯಿತ್ತು. "ಮೇಡಂಗೆ ನಾಳೆ ಉತ್ತರ ಕೊಡ್ಬೇಕು. ಇರಲಾ, ಹೋಗಲಾ?"

"ಇರಿ."

"ಕೆಲಸಕ್ಕಾ?"

"ಕೆಲಸಕ್ಕೂ." ಕೆಳಗೆ ನೆಲವಿರಲಿಲ್ಲ, ಹಿಂದೆ ಸರಿಯಲು ಜಾಗವಿರಲಿಲ್ಲ. "ನನಗೋಸ್ಕರಾನೂ. ನೀವು ಹೋಗ್ತೀರೇನೋ ಅಂತ ಆ ಮೀಟಿಂಗಿಗೂ ಮುಂಚಿನಿಂದ ಸಾಯ್ತಾ ಇದೀನಿ. ನನಗೆ ನೀವು ಬೇಕು."

ಅವನು ಬಿಳಿ ಪುಡಿಯ ಬೆರಳಿನಿಂದ ನನ್ನ ಮೂಗಿನ ಮೇಲಿನ ಬೆವರು ಒರೆಸಿದ. ನಿಧಾನಕ್ಕೆ, ಏನೋ ನಾಜೂಕಾದ ಅಳತೆ ತೆಗೆಯುವವನ ಹಾಗೆ.

"ಇರಿ ಅಂದ್ರೆ ಇರಲ್ಲ," ಎಂದ. "ಇರು ಅನ್ನು."

"ಇರು."

"ಇರ್ತೀನಿ."

ಕೆಳಗೆ ಬಾಗಿಲು ಕಿರ್ರೆಂದಿತು. ಹೊಲಿದ ಪಟ್ಟಿಗಳ ಕಟ್ಟು ಹೊತ್ತು ಅಕ್ಕ ಒಳಗೆ ಬಂದಿದ್ದಳು. ಸುತ್ತ ನೋಡಿದಳು, ಯಾರೂ ಕಾಣಲಿಲ್ಲ. ಆಮೇಲೆ ಕತ್ತೆತ್ತಿದಳು.

"ಅಯ್ಯೋ ದೇವರೇ! ಇಬ್ಬರೂ ಅಲ್ಲೇನು ಮಾಡ್ತಿದೀರಾ?" ಬಳಿಕ ಅವಳ ಧ್ವನಿಯಲ್ಲಿ ನಗು ತುಂಬಿಕೊಂಡಿತು. "ಯಾರಾದ್ರೂ ಒಬ್ಬರು ಕೆಳಗಿಳೀರಪ್ಪಾ, ಈ ಪಟ್ಟಿ ತಗೊಳ್ಳಿ. ನನಗೆ ಮನೆಗೆ ಹೋಗ್ಬೇಕು!"

ಅವನು ನನ್ನ ಕಡೆ ನೋಡಿದ. ಇಳಿಸಬೇಕಾದವಳು ನಾನು. ಹಗ್ಗ ನನ್ನ ಕೈಯಲ್ಲಿತ್ತು, ಬೆರಳುಗಳು ಎಂದಿನಂತೆ ಬೆಳ್ಳಗಾಗಿದ್ದವು.

ನನಗೆ ಯಾವ ಅವಸರವೂ ಇರಲಿಲ್ಲ.